ತೀರ್ಥದ ಕಹಿ

ಒದ್ದೆ ಪಂಚೆಯ ಒಂದು ತುದಿ ಚಿಕ್ಕಬಸಪ್ಪ ಮೇಷ್ಟರ ಕೈಯಲ್ಲಿತ್ತು. ಇನ್ನೊಂದು ತುದಿಯನ್ನು ಗುರುತಿಲ್ಲದ ಯಾತ್ರಿಕರೊಬ್ಬರು ಹಿಡಿದಿದ್ದರು. ಕಾರ್ತಿಕ ಸೋಮವಾರ. ನಂಜನಗೂಡಿನಲ್ಲಿ ಕಪಿಲೆಯ ಮೆಟ್ಟಿಲುಗಳ ಮೇಲೆ ಕಾಲಿಡಲು ಜಾಗವಿರಲಿಲ್ಲ. ಇಬ್ಬರೂ ಎದುರುಬದುರಾಗಿ ನಿಂತು ಪಂಚೆ ಹಿಂಡುತ್ತಿರುವಾಗ ಮೇಲಿನ ಮೆಟ್ಟಿಲಲ್ಲಿಟ್ಟಿದ್ದ ಕೈಚೀಲದೊಳಗೆ ಫೋನು ಹೊಡೆದುಕೊಂಡಿತು.

"ಹಿಂಡಿ ಮುಗ್ಸಿ ಸ್ವಾಮಿ, ಫೋನು ಎಲ್ಲೂ ಓಡೋಗಾಕಿಲ್ಲ," ಎಂದರು ಯಾತ್ರಿಕರು.

ಮೇಷ್ಟರು ನಕ್ಕು ಪಂಚೆಗೆ ಇನ್ನೆರಡು ತಿರುವು ಕೊಟ್ಟರು. ಫೋನು ನಿಂತು, ಮತ್ತೆ ಹೊಡೆದುಕೊಳ್ಳತೊಡಗಿತು. ಆ ಎರಡು ತಿರುವಿಗೆ ಹಿಡಿದ ಹೊತ್ತು ಆಮೇಲೆ ಎಷ್ಟೋ ದಿನ ಅವರ ಮನಸ್ಸಿಗೆ ಬಂದು ಚುಚ್ಚುತ್ತಿತ್ತು.

ಫೋನಿನಲ್ಲಿ ಪಕ್ಕದ ಹೊಲದ ರುದ್ರೇಶ್.

"ಮೇಷ್ಟ್ರೇ, ಎಲ್ಲಿದ್ದೀರಾ? ಬಿರ್ನೆ ಬನ್ನಿ. ಬೆಟ್ಟಣ್ಣ ಬದ್ನೆ ವಲದ ಬದೀಲಿ ಬಿದ್ದೋಗವ್ನೆ. ಬಾಯಲ್ಲಿ ನೊರೆ ಬತ್ತಾ ಅದೆ."

"ಯಾಕೆ? ಏನಾಯ್ತು?"

"ಪಕ್ದಲ್ಲಿ ಔಸ್ದಿ ಬಾಟ್ಲು ಬಿದ್ದದೆ ಸಾ. ಮುಚ್ಚಳ ತಗ್ದದೆ. ಆಂಬುಲೆನ್ಸ್‌ಗೆ ಯೋಳಿವ್ನಿ. ನೀವು ಮೊದ್ಲು ಬನ್ನಿ."

ಬಸ್ಸು ಅವರ ಊರು ಚಿಕ್ಕಯ್ಯನಛತ್ರ ಮುಟ್ಟುವ ಹೊತ್ತಿಗೆ ಆಂಬುಲೆನ್ಸು ಮೈಸೂರಿನ ಕಡೆಗೆ ಹೊರಟುಹೋಗಿತ್ತು. ಮೇಷ್ಟರು ಬಸ್‌ಸ್ಟಾಪಿನಲ್ಲಿ ಇಳಿದು, ಹಿಂದೆ ಬರುವ ಬಸ್ಸು ಹಿಡಿಯುವುದೋ ಆಟೋ ಮಾಡುವುದೋ ತಿಳಿಯದೆ ನಿಂತಿದ್ದರು. ಮತ್ತೆ ಫೋನು ಬಂತು. ಈ ಸಲ ತಮ್ಮನ ಮಗಳು ಕವನ. "ದೊಡ್ಡಪ್ಪಾ," ಎಂದಳು. ಮುಂದಕ್ಕೆ ಮಾತು ಹೊರಡಲಿಲ್ಲ. ಅವಳ ಹಿಂದೆ ಸೈರನ್ ಕೂಗುತ್ತಿತ್ತು. ಅದು ಒಮ್ಮೆಲೇ ನಿಂತಿತು. ತಾಂಡವಪುರ ದಾಟುವಾಗಲೇ ತಮ್ಮ ಬೆಟ್ಟಸ್ವಾಮಿಯ ಉಸಿರು ಹೋಗಿತ್ತು.

ಮೇಷ್ಟರ ಕೈಯಲ್ಲಿ ಹಿಂಡಿದ ಪಂಚೆ ಹಾಗೇ ಇತ್ತು. ಇನ್ನೊಂದು ಕೈ ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಹಿಡಿದುಕೊಂಡಿತು. ದೇವರ ಹೆಸರು ಬಾಯಿಗೆ ಬರುವ ಬದಲು ಹಿಂದಿನ ಸಂಜೆ ತಾವೇ ಆಡಿದ ಮಾತು ಬಂತು.

ಅಣ್ಣತಮ್ಮಂದಿರಿಬ್ಬರೂ ಸಂಜೆಯ ಲಿಂಗಪೂಜೆಯನ್ನು ಒಟ್ಟಿಗೆ ಮಾಡುವುದು ಅಪ್ಪ ಲಿಂಗೈಕ್ಯರಾದಂದಿನಿಂದ ನಡೆದುಬಂದ ಕ್ರಮ. ಮೇಷ್ಟರು ಪಾಠ ಹೇಳಿ ಬಂದು, ಬೆಟ್ಟಸ್ವಾಮಿ ಹೊಲದ ಕೆಲಸ ಮುಗಿಸಿ ಸ್ನಾನ ಮಾಡಿ ಬಂದು, ದೇವರ ಕೋಣೆಯಲ್ಲಿ ಅಕ್ಕಪಕ್ಕ ಕೂರುತ್ತಿದ್ದರು. ಎಡಗೈಯ ಅಂಗೈಯಲ್ಲಿ ಲಿಂಗವನ್ನಿಟ್ಟು, ವಿಭೂತಿ ಧರಿಸಿ, ಬಿಲ್ವದ ಎಲೆ ಏರಿಸಿ, ಉದ್ಧರಣೆಯಿಂದ ನೀರೆರೆದು, ಅಂಗೈಯಲ್ಲಿ ನಿಂತ ಆ ನೀರನ್ನು ತೀರ್ಥವೆಂದು ಕುಡಿಯುವುದು. ಮೇಷ್ಟರು ನಿವೃತ್ತರಾದ ಮೇಲೂ, ಅವರ ಹೆಂಡತಿ ಹೋದ ಮೇಲೂ ಇದು ತಪ್ಪಿರಲಿಲ್ಲ.

ಆ ಭಾನುವಾರ ಬೆಟ್ಟಸ್ವಾಮಿ ತೀರ್ಥವನ್ನು ತುಟಿಗೆ ತಾಗಿಸಿದವನು, ಬಾಯಿಗೆ ಬಿಟ್ಟುಕೊಂಡು, ಮರುಕ್ಷಣ ಪಕ್ಕದ ತಟ್ಟೆಗೆ ಉಗಿದುಬಿಟ್ಟ.

"ಕಹಿ ಆಯ್ತದೆ ಅಣ್ಣ. ನಾಲ್ಗೆ ಮ್ಯಾಲೆ ಇಡಾಕಾಗ್ತಿಲ್ಲ."

"ಲೇ ಬೆಟ್ಟ, ತೀರ್ಥ ಉಗೀತೀಯೇನ್ಲಾ?"

"ಒಂದ್ವಾರದಿಂದ ಇಂಗೇ ಅದೆ. ಒಟ್ಟೆ ತೊಳ್ಸ್ದಂಗಾಯ್ತದೆ. ನಿನ್ಗೇನೂ ಅನ್ನಿಸ್ತಿಲ್ವಾ?"

ಮೇಷ್ಟರಿಗೆ ಮೈಯೆಲ್ಲ ಉರಿದುಹೋಯಿತು. ಅಪ್ಪ ಹಾಸಿಗೆ ಹಿಡಿದ ಕಡೆಯ ದಿನವೂ ನಡುಗುವ ಕೈಯಿಂದ ತೀರ್ಥ ತೆಗೆದುಕೊಂಡ ಕೋಣೆ ಅದು. "ಶಿವನ ಪಾದೋದಕ ಕಹಿ ಅನ್ನೋನು ಇದ್ರೇನು, ಹೋದ್ರೇನು!" ಎಂದು ಅವರು ಕೂಗಿದ್ದು ಅಡುಗೆಮನೆಯಲ್ಲಿದ್ದ ತಮ್ಮನ ಹೆಂಡತಿ ಮಂಗಳಮ್ಮನಿಗೂ ಕೇಳಿಸಿತು, ಜಗಲಿಯ ಮೇಲೆ ಕೂತು ನೀರಿನ ಸರದಿ ಕೇಳಲು ಕಾಯುತ್ತಿದ್ದ ರುದ್ರೇಶನಿಗೂ ಕೇಳಿಸಿತು. ಬೆಟ್ಟಸ್ವಾಮಿ ಲಿಂಗವನ್ನು ಬಟ್ಟೆಯಲ್ಲಿ ಸುತ್ತಿ, ಎಡಭುಜದ ಮೇಲಿಂದ ತಂದು ಎದೆಗೆ ಕಟ್ಟಿಕೊಂಡು, ದನದ ಕೊಟ್ಟಿಗೆಯ ಕಡೆಗೆ ಹೋದ.

ಮಾರನೆಯ ಬೆಳಿಗ್ಗೆ ಮೇಷ್ಟರು ಅವನ ಮುಖ ನೋಡದೆ ಮೊದಲ ಬಸ್ಸಿಗೆ ನಂಜನಗೂಡಿಗೆ ಬಂದಿದ್ದರು.

ಪೊಲೀಸರು ಬಂದರು, ಶವಪರೀಕ್ಷೆಯಾಯಿತು. ಒಳಗಿನ ಅಂಗಗಳ ತುಣುಕುಗಳನ್ನು ಪ್ರಯೋಗಾಲಯಕ್ಕೆ ಕಳಿಸಿದ್ದೇವೆ, ವರದಿ ಬರಲು ತಿಂಗಳುಗಳಾಗುತ್ತವೆ ಎಂದರು. ಮಂಗಳವಾರ ಮಧ್ಯಾಹ್ನ ಹೊಲದ ಮೂಲೆಯಲ್ಲಿ, ಅಪ್ಪನ ಸಮಾಧಿಯ ಪಕ್ಕದಲ್ಲಿ, ಬೆಟ್ಟಸ್ವಾಮಿಯನ್ನು ಕುಳ್ಳಿರಿಸಿ ಮಣ್ಣು ಮಾಡಿದರು. ಸಂಸ್ಕಾರ ನಡೆಸಿದ ಮಠದ ಅಯ್ಯನವರು ಲಿಂಗವನ್ನು ಅವನ ಎಡಗೈಯಲ್ಲಿಟ್ಟು ಹೊಸ ಬಿಳಿಯ ಬಟ್ಟೆ ಸುತ್ತಿದರು. ಹಳೆಯ ಬಟ್ಟೆಯನ್ನು ಮಡಿಸಿ ಮೇಷ್ಟರ ಕೈಗೆ ಕೊಟ್ಟರು.

ಅದು ಬರೀ ಬಟ್ಟೆಯಾಗಿರಲಿಲ್ಲ. ಅಪ್ಪನ ಮಗ್ಗದ ಪಂಚೆಯ ಅಂಚಿನಿಂದ ಹರಿದ ತುಂಡು. ಮೇಷ್ಟರು ಕೆಲಸಕ್ಕೆ ಸೇರಿದ ವರ್ಷ ಬೆಳ್ಳಿಯ ಕರಡಿಗೆ ಮಾಡಿಸಿಕೊಂಡಿದ್ದರು. ತಮ್ಮನಿಗೂ ಒಂದು ಮಾಡಿಸುತ್ತೇನೆಂದಾಗ ಅವನು ಒಪ್ಪಿರಲಿಲ್ಲ. "ಅಪ್ಪ ಬಟ್ಟೇಲಿ ಕಟ್ಕತ್ತಿದ್ದ, ನಂಗೂ ಬಟ್ಟೇನೇ ಸಾಕು," ಎಂದಿದ್ದ. ವರ್ಷಕ್ಕೊಮ್ಮೆ ಶಿವರಾತ್ರಿಯ ಬೆಳಿಗ್ಗೆ ಮಾತ್ರ ಅದನ್ನು ಒಗೆದು, ಬಿಸಿಲಿಗೆ ಹರಡಿ, ಪಕ್ಕದಲ್ಲೇ ಕೂತು ಕಾಯುತ್ತಿದ್ದ. ಉಳಿದ ದಿನ ಪೂಜೆಗೆ ಬಿಚ್ಚುವುದು, ಪೂಜೆ ಮುಗಿದ ಮೇಲೆ ಅದರಲ್ಲೇ ಸುತ್ತುವುದು. ಸ್ನಾನಕ್ಕೂ ತೆಗೆಯುತ್ತಿರಲಿಲ್ಲ, ನಿದ್ದೆಗೂ ತೆಗೆಯುತ್ತಿರಲಿಲ್ಲ. ಲಿಂಗ ಮೈಯಿಂದ ಅಗಲಬಾರದು ಎಂದು ಅವರಿಬ್ಬರಿಗೂ ಬಾಲ್ಯದಿಂದ ಹೇಳಿಕೊಟ್ಟದ್ದು. ಮೇಷ್ಟರು ಆ ಬಟ್ಟೆಯನ್ನು ದೇವರ ಗೂಡಿನಲ್ಲಿ ಹಿತ್ತಾಳೆಯ ಡಬ್ಬಿಯೊಳಗಿಟ್ಟು, ದಿನವೂ ಕಣ್ಣಿಗೊತ್ತಿಕೊಳ್ಳತೊಡಗಿದರು.

ಊರಿನಲ್ಲಿ ಮಾತು ಹುಟ್ಟಲು ಹೆಚ್ಚು ದಿನ ಬೇಕಾಗಲಿಲ್ಲ. ಚಹದಂಗಡಿಯ ಬೆಂಚಿನ ಮೇಲೆ ರುದ್ರೇಶ್ ಹೇಳಿದ್ದು ಹೀಗೆ: "ಸಾಲ ಇಲ್ಲ, ಸೋಲ ಇಲ್ಲ. ಮನೇಲಿ ಜಗ್ಳ ಇಲ್ಲ. ಇನ್ಯಾಕೆ ಕುಡೀತಾನೆ ಯೋಳು? ಅಣ್ಣ ಅಂದ್ರಲ್ಲ, ಇದ್ರೇನು ಓದ್ರೇನು ಅಂತ, ಅದೇ ನಟ್ಬುಡ್ತು. ಅಣ್ಣ ಅಂದ್ರೆ ದ್ಯಾವ್ರು ಅನ್ಕಂಡಿದ್ದೋನು ಕಣ್ಲಾ ಅವ್ನು." ಕೇಳಿದವರು ತಲೆಯಾಡಿಸಿದರು. ಮೇಷ್ಟರು ಹಾಲು ತರಲು ಹೋದರೆ ಬೆಂಚಿನ ಮೇಲಿನ ಮಾತು ನಿಲ್ಲುತ್ತಿತ್ತು. ಯಾರೂ ಅವರನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಹನ್ನೊಂದನೆಯ ದಿನದ ಕಾರ್ಯ ಮುಗಿದ ಮೇಲೆ ಮಂಗಳಮ್ಮ ಮಗಳನ್ನು ಕರೆದುಕೊಂಡು ತಿರುಮಕೂಡಲು ನರಸೀಪುರದ ತವರಿಗೆ ಹೊರಟಳು. ಕವನ ಅಲ್ಲೇ ಕಾಲೇಜಿಗೆ ಹೋಗಲಿ ಎಂಬುದು ನೆಪ. ಹೊರಡುವಾಗ ಭಾವನಿಗೆ ನಮಸ್ಕಾರ ಮಾಡಿದಳು, ಮುಖ ಎತ್ತಲಿಲ್ಲ. ಮೇಷ್ಟರೂ "ಹೋಗಿ ಬನ್ನಿ" ಎಂದದ್ದು ಬಾಗಿಲ ಕಡೆ ನೋಡಿಕೊಂಡು.

ಆಮೇಲಿನ ದಿನಗಳಲ್ಲಿ ಅವರು ಪೂಜೆಯನ್ನು ಬಿಡಲಿಲ್ಲ. ಆದರೆ ಅಂಗೈಯ ತೀರ್ಥವನ್ನು ಬಾಯಿಯ ಹತ್ತಿರ ತಂದಾಗಲೆಲ್ಲ ಕೈ ಅಲ್ಲೇ ನಿಂತುಬಿಡುತ್ತಿತ್ತು. ಆ ಮಾತು ಹೊರಟ ಬಾಯಿ ಇದೇ ಅಲ್ಲವೆ? ಅವರು ಎದ್ದು ಹೋಗಿ ನೀರನ್ನು ಬಿಲ್ವದ ಗಿಡದ ಬುಡಕ್ಕೆ ಬಿಟ್ಟು ಬರುತ್ತಿದ್ದರು. ಕಾರ್ತಿಕ ಕಳೆಯಿತು, ಸಂಕ್ರಾಂತಿ ಕಳೆಯಿತು. ಒಂದು ದಿನವೂ ತೀರ್ಥ ಗಂಟಲಿಗೆ ಇಳಿಯಲಿಲ್ಲ.

ಮಾಘದಲ್ಲಿ ಠಾಣೆಯಿಂದ ಕರೆ ಬಂತು. ವರದಿಯ ಪ್ರತಿಯನ್ನು ಕೊಟ್ಟರು. ನಾಲ್ಕು ಹಾಳೆ, ಎಲ್ಲವೂ ಇಂಗ್ಲಿಷಿನಲ್ಲಿ. ಮೂವತ್ತೈದು ವರ್ಷ ಅಕ್ಷರ ಕಲಿಸಿದ ಮೇಷ್ಟರಿಗೆ ಅಕ್ಷರಗಳೆಲ್ಲ ತಿಳಿಯುತ್ತಿದ್ದವು, ಪದಗಳು ಒಂದೂ ತಿಳಿಯಲಿಲ್ಲ. ಕೊನೆಯ ಹಾಳೆಯ ಕೆಳಗೆ ನೋಡಲು ಧೈರ್ಯವೂ ಬರಲಿಲ್ಲ. ಹಾಳೆಗಳನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡು ನಂಜನಗೂಡಿನ ಆಸ್ಪತ್ರೆಗೆ ನಡೆದರು. ಅಲ್ಲಿ ಅವರ ಸಹೋದ್ಯೋಗಿ ರಘೂತ್ತಮರ ಮಗಳು ಸುಚೇತಾ ಡಾಕ್ಟರಾಗಿದ್ದಳು. ನಾಲ್ಕನೆಯ ತರಗತಿಯಲ್ಲಿ ಅವಳಿಗೆ ಲೆಕ್ಕ ಹೇಳಿಕೊಟ್ಟವರು ಇವರೇ.

ಸುಚೇತಾ ಎದ್ದು ನಿಂತು ಕುರ್ಚಿ ಎಳೆದಳು. "ಎಷ್ಟು ಇಳಿದುಹೋಗಿದ್ದೀರಿ ಮೇಷ್ಟ್ರೇ! ಊಟ ಮಾಡ್ತಿದ್ದೀರೋ ಇಲ್ವೋ?"

"ಅದು ಆಮೇಲೆ. ಮೊದಲು ಇದನ್ನ ಓದಮ್ಮ. ಓದಿ, ಇದ್ದದ್ದನ್ನ ಇದ್ದ ಹಾಗೆ ಹೇಳು. ನನಗೆ ನೋವಾಗತ್ತೆ ಅಂತ ಏನೂ ಮುಚ್ಚಿಡಬೇಡ."

ಅವಳು ಓದತೊಡಗಿದಳು. ಮೇಷ್ಟರು ಗೋಡೆಯ ಮೇಲಿನ ಲಸಿಕೆಯ ಚಿತ್ರಪಟವನ್ನು ನೋಡುತ್ತ ಕೂತರು. ಅವಳು ಒಂದು ಹಾಳೆಯನ್ನು ಎರಡು ಸಲ ತಿರುಗಿಸಿ ನೋಡಿದಳು.

"ನಿಮ್ಮ ತಮ್ಮ ಕುಡಿದಿಲ್ಲ ಮೇಷ್ಟ್ರೇ," ಎಂದಳು.

ಮೇಷ್ಟರಿಗೆ ಕೇಳಿಸಿತು, ಅರ್ಥವಾಗಲಿಲ್ಲ. "ಏನಂದೆ?"

"ಕುಡಿದಿಲ್ಲ. ಕುಡಿದಿದ್ದರೆ ಹೊಟ್ಟೇಲಿ ಔಷಧಿ ಸಿಗಬೇಕಿತ್ತು. ಸಿಕ್ಕಿಲ್ಲ ಅಂತ ಇಲ್ಲಿ ಸ್ಪಷ್ಟವಾಗಿ ಬರೆದಿದ್ದಾರೆ. ರಕ್ತದಲ್ಲಿದೆ, ಚರ್ಮದಲ್ಲಿದೆ. ಮೈಯಿಂದ ಒಳಗೆ ಹೋಗಿದೆ, ಬಾಯಿಂದಲ್ಲ."

"ಬಾಟ್ಲು ಪಕ್ಕದಲ್ಲೇ ಬಿದ್ದಿತ್ತಲ್ಲ?"

"ಟ್ಯಾಂಕಿಗೆ ಬೆರೆಸೋಕೆ ತೆಗೆದಿರ್ತಾರೆ. ಹೊಡೀತಾ ಹೊಡೀತಾ ತಲೆ ಸುತ್ತಿ ಬಿದ್ದಿದ್ದಾರೆ. ಅವರು ಎಷ್ಟು ವರ್ಷದಿಂದ ಔಷಧಿ ಹೊಡೀತಿದ್ರು?"

"ಬದನೆ ಇಟ್ಟಾಗಿನಿಂದ. ಹನ್ನೆರಡು ವರ್ಷ ಆಯ್ತು. ಕಾಯಿ ಬಿಡೋ ಕಾಲದಲ್ಲಿ ವಾರಕ್ಕೆ ಎರಡು ಸಲ."

"ಕೈಗವಸು, ಮುಖಕ್ಕೆ ಬಟ್ಟೆ?"

ಮೇಷ್ಟರು ಇಲ್ಲವೆಂದು ತಲೆಯಾಡಿಸಿದರು. ಊರಿನಲ್ಲಿ ಯಾರೂ ಹಾಕುವುದಿಲ್ಲ.

ಸುಚೇತಾ ಒಂದು ಚೀಟಿಯ ಹಿಂಬದಿಯಲ್ಲಿ ಚೌಕ ಬರೆದಳು. ಮೇಲೆ ಒಂದು ಗೆರೆ, ಕೆಳಗೆ ಒಂದು ಗೆರೆ. "ನೀವೇ ಹೇಳಿಕೊಟ್ಟ ತೊಟ್ಟಿ ಲೆಕ್ಕ. ಮೇಲಿನ ನಲ್ಲಿ ತೊಟ್ಟಿ ತುಂಬ್ಸತ್ತೆ, ಕೆಳಗಿನ ತೂತು ಖಾಲಿ ಮಾಡತ್ತೆ. ಎಷ್ಟು ಹೊತ್ತಿಗೆ ತುಂಬಿ ಹರಿಯತ್ತೆ ಅಂತ ಕೇಳ್ತಿದ್ರಿ. ನಾನು ಯಾವಾಗ್ಲೂ ತಪ್ಪು ಮಾಡಿ ಕಿವಿ ಹಿಂಡಿಸ್ಕೋತಿದ್ದೆ."

"ಕೂಡೋ ಕಡೆ ಕಳೀತಿದ್ದೆ ನೀನು."

"ಹ್ಞಾ. ನಮ್ಮ ಮೈಯೊಳಗೂ ಹಾಗೇ. ಪಿತ್ತಜನಕಾಂಗದಲ್ಲಿ, ರಕ್ತದಲ್ಲಿ ಕೆಲವು ಕಿಣ್ವಗಳಿವೆ. ಒಳಗೆ ಬಂದ ವಿಷವನ್ನ ಒಡೆದು ಹೊರಗೆ ಕಳಿಸೋದು ಅವುಗಳ ಕೆಲಸ. ಅವೇ ಈ ಕೆಳಗಿನ ತೂತು. ಹುಟ್ಟಿನಿಂದಲೇ ಕೆಲವರಿಗೆ ದೊಡ್ಡದು, ಕೆಲವರಿಗೆ ಚಿಕ್ಕದು. ಅದಕ್ಕೇ ಒಂದೇ ಔಷಧಿ ಒಂದೇ ಹೊಲದಲ್ಲಿ ಹೊಡೆದರೂ ಒಬ್ಬ ಗಟ್ಟಿಮುಟ್ಟಾಗಿರ್ತಾನೆ, ಇನ್ನೊಬ್ಬ ಬೀಳ್ತಾನೆ. ದಿನಾ ಸ್ವಲ್ಪ ಸ್ವಲ್ಪ ಬರ್ತಾನೇ ಇದ್ರೆ ಕಳಿಸೋ ಶಕ್ತಿಯೂ ಸಾಲದೆ ಬರತ್ತೆ. ನರಗಳನ್ನ ಹತೋಟಿಯಲ್ಲಿಡೋ ಕಿಣ್ವ ಬೇರೆ ಒಂದಿದೆ, ಈ ಔಷಧಿಗಳು ಮೊದಲು ಹಿಡಿಯೋದೇ ಅದನ್ನ. ನಿಮ್ಮ ತಮ್ಮನಲ್ಲಿ ಅದು ಕಾಲುಭಾಗವೂ ಉಳಿದಿರಲಿಲ್ಲ. ಅದು ಒಂದೇ ದಿನದ ಕಥೆ ಅಂತ ನನಗನ್ನಿಸಲ್ಲ. ಅಷ್ಟು ತುಂಬಿದ ತೊಟ್ಟಿಗೆ ಅವತ್ತಿನ ಒಂದು ಚೆಂಬು ಸಾಕು." ಅವಳು ಪೆನ್ನು ಕೆಳಗಿಟ್ಟಳು. "ಇತ್ತೀಚೆಗೆ ಅವರಿಗೆ ಪದೇ ಪದೇ ಕಾಯಿಲೆ ಬರ್ತಿತ್ತಾ?"

ಎರಡು ವರ್ಷದಿಂದ ಬೆಟ್ಟಸ್ವಾಮಿಗೆ ಜ್ವರ ಬಂದರೆ ಹದಿನೈದು ದಿನ ಬಿಡುತ್ತಿರಲಿಲ್ಲ. ಬಾಯಲ್ಲಿ ಹುಣ್ಣು, ಕಂಕುಳಲ್ಲಿ ಕುರು, ಮುಳ್ಳು ತರಚಿದರೆ ಕೀವು. ಮೇಷ್ಟರು ಹೇಳುತ್ತಾ ಹೋದರು. ಅವನು ಸೋಮಾರಿಯಾಗುತ್ತಿದ್ದಾನೆಂದು ತಾವು ಒಮ್ಮೆ ಹಂಗಿಸಿದ್ದೂ ನೆನಪಾಯಿತು.

"ರೋಗ ತಡೆಯೋ ಶಕ್ತೀನೂ ಈ ಔಷಧಿಗಳು ಕುಂದಿಸ್ತವೆ ಮೇಷ್ಟ್ರೇ. ಮೈ ಒಳಗೇ ಸೋತಿತ್ತು." ಅವಳು ಮತ್ತೆ ಹಾಳೆಯ ಕಡೆ ಬಗ್ಗಿದಳು. "ಒಂದು ವಿಷಯ ನನಗೆ ಗೊತ್ತಾಗ್ತಿಲ್ಲ. ಎಡ ಎದೆ ಮೇಲೆ ಅಂಗೈಯಗಲ ಚರ್ಮ ಕಪ್ಪಾಗಿ ಸುಲಿದಿತ್ತು ಅಂತ ಬರೆದಿದ್ದಾರೆ. ಔಷಧಿ ಎಲ್ಲಕ್ಕಿಂತ ಹೆಚ್ಚು ಸಿಕ್ಕಿರೋದು ಅಲ್ಲೇ. ಬೆನ್ನಿನ ಮೇಲಿನ ಟ್ಯಾಂಕು ಸೋರಿದ್ರೆ ಬೆನ್ನು, ಸೊಂಟ ನೆನೀಬೇಕು. ಎದೆ ಮೇಲೆ ಏನಾದ್ರೂ ಕಟ್ಕೋತಿದ್ರಾ? ಯಾವಾಗ್ಲೂ ತೆಗೀದೆ ಇರೋ ಅಂಥದ್ದು?"

ಮೇಷ್ಟರ ಕೈ ತಾನಾಗಿ ಎದೆಯ ಮೇಲಿನ ಕರಡಿಗೆಗೆ ಹೋಯಿತು.

ಟ್ಯಾಂಕಿನ ಎಡಪಟ್ಟಿ ಹಾದುಹೋಗುವುದು ಎಡಭುಜದ ಮೇಲೆ. ಲಿಂಗದ ಬಟ್ಟೆಯ ಗಂಟು ಬೀಳುವುದೂ ಅಲ್ಲೇ. ಸೋರಿದ ಔಷಧಿ ಗಂಟಿಗೆ ಇಳಿಯುವುದು, ಗಂಟಿನಿಂದ ಎದೆಯ ಮೇಲಿನ ಮಡಿಕೆಗೆ ಇಳಿಯುವುದು. ಅಂಗಿ ಪಂಚೆಗಳನ್ನು ಮಂಗಳಮ್ಮ ಅವತ್ತವತ್ತೇ ಒಗೆಯುತ್ತಿದ್ದಳು. ಬಟ್ಟೆಯ ತುಂಡನ್ನು ಮಾತ್ರ ಶಿವರಾತ್ರಿ ಬರುವವರೆಗೆ ಯಾರೂ ಮುಟ್ಟುವಂತಿರಲಿಲ್ಲ. ಸ್ನಾನದ ನೀರಿಗೆ ನೆನೆದು, ಬೆವರಿಗೆ ನೆನೆದು, ರಾತ್ರಿಯಿಡೀ ಅದು ಅವನ ಎದೆಗೆ ಅಂಟಿಕೊಂಡಿರುತ್ತಿತ್ತು.

"ಅದೇ ಬಟ್ಟೆಯಲ್ಲಿ ಸುತ್ತಿದ ಲಿಂಗ," ಎಂದರು ಮೇಷ್ಟರು. ದನಿ ತಮ್ಮದೇ ಎನ್ನಿಸಲಿಲ್ಲ. "ಅದೇ ಕೈ. ಅದರ ಮೇಲೆ ನೀರು ಬಿಟ್ಟು ಕುಡೀಬೇಕು. ಕಹಿ ಅಂದ ಸುಚೇತಾ. ತೀರ್ಥ ಕಹಿ ಆಗ್ತಿದೆ ಅಂದ. ನಾನು..."

ಸುಚೇತಾ ಹಾಳೆಗಳನ್ನು ಮಡಿಸಿಟ್ಟಳು.

"ಅವರಿಗೆ ನಿಜವಾಗಿಯೂ ಕಹಿಯಾಗಿದ್ದಿರಬೇಕು ಮೇಷ್ಟ್ರೇ. ಅವರು ಇದ್ದದ್ದನ್ನ ಇದ್ದ ಹಾಗೆ ಹೇಳಿದ್ದಾರೆ." ಆಮೇಲೆ ತಟ್ಟನೆ ಕೇಳಿದಳು, "ಆ ಬಟ್ಟೆ ಈಗ ಎಲ್ಲಿದೆ?"

"ದೇವರ ಗೂಡಲ್ಲಿ. ದಿನಾ ಕಣ್ಣಿಗೊತ್ತಿಕೊಳ್ತೀನಿ."

"ಅಯ್ಯೋ! ಬರಿಗೈಲಿ ಇನ್ನು ಮುಟ್ಟಬೇಡಿ. ಪ್ಲಾಸ್ಟಿಕ್ ಕವರಲ್ಲಿ ಹಾಕಿ ತನ್ನಿ. ನಿಮ್ಮ ರಕ್ತ ಇವತ್ತೇ ತಗೋತೀನಿ. ಅವರ ಬಟ್ಟೆ ಯಾರು ಒಗೀತಿದ್ರು? ಅವರನ್ನೂ ಕರ್ಕೊಂಡು ಬರಬೇಕು."

ರಕ್ತ ಕೊಟ್ಟು ಹೊರಬಂದ ಮೇಷ್ಟರು ಆಸ್ಪತ್ರೆಯ ಅಂಗಳದ ಬೇವಿನ ಮರದ ಕೆಳಗೆ ಕಲ್ಲುಬೆಂಚಿನ ಮೇಲೆ ಕೂತರು. ಬಸ್ಸಿಗೆ ಇನ್ನೂ ಹೊತ್ತಿತ್ತು. ಕುಡಿದಿಲ್ಲ, ಎಂದುಕೊಂಡರು. ಮತ್ತೊಮ್ಮೆ ಎಂದುಕೊಂಡರು. ಹಾಗೆ ಅಂದುಕೊಳ್ಳುತ್ತಲೇ ಕೂತಲ್ಲೇ ನಿದ್ದೆ ಹೋದರು. ಔಷಧಿ ಚೀಟಿ ಹಿಡಿದ ಒಬ್ಬ ಮುದುಕಿ, "ಏಳಪ್ಪ, ಬಿಸ್ಲು ಬಂತು ಮಕಕ್ಕೆ," ಎಂದು ಎಬ್ಬಿಸಿದಾಗ ಎರಡು ಬಸ್ಸು ಹೋಗಿದ್ದವು. ಮೂರು ತಿಂಗಳಲ್ಲಿ ಅಂಥ ನಿದ್ದೆ ಬಂದಿರಲಿಲ್ಲ.

ಮರುದಿನ ಬಟ್ಟೆಯನ್ನು ಸುಚೇತಾಳಿಗೆ ತಲುಪಿಸಿ, ಅಲ್ಲಿಂದಲೇ ನರಸೀಪುರದ ಬಸ್ಸು ಹತ್ತಿದರು. ಮಂಗಳಮ್ಮನ ಅಣ್ಣನ ಮನೆ ಹೊಳೆಯ ಕಡೆಗೆ ಹೋಗುವ ಬೀದಿಯಲ್ಲಿತ್ತು. ಅವಳು ಜಗಲಿಯ ಮೇಲೆ ಮೊರದಲ್ಲಿ ಅವರೆಕಾಳು ಹಿದುಕುತ್ತ ಕೂತಿದ್ದಳು. ಭಾವನನ್ನು ಕಂಡು ಸೆರಗು ಸರಿಮಾಡಿಕೊಂಡು ಎದ್ದಳು. ಕೈಕಾಲಿಗೆ ನೀರು ಕೊಟ್ಟಳು. ಕುಡಿಯಲು ಮಜ್ಜಿಗೆ ತಂದಳು. ಮತ್ತೆ ಮೊರದ ಮುಂದೆ ಕೂತಳು.

ಮೇಷ್ಟರು ಮಜ್ಜಿಗೆಯ ಲೋಟವನ್ನು ಕೆಳಗಿಟ್ಟು, ಡಾಕ್ಟರು ಹೇಳಿದ್ದನ್ನೆಲ್ಲ ಒಂದೂ ಬಿಡದೆ ಹೇಳಿದರು. ತೊಟ್ಟಿಯ ಲೆಕ್ಕ ಹೇಳಿದರು, ಎದೆಯ ಮೇಲಿನ ಕಲೆಯ ವಿಷಯ ಹೇಳಿದರು, ಬಟ್ಟೆಯ ವಿಷಯ ಹೇಳಿದರು. ಕೊನೆಗೆ, "ಅವನು ಕುಡೀಲಿಲ್ಲ ಕಣಮ್ಮ," ಎಂದರು.

"ಅದ್ನ ಯೋಳಾಕೆ ಡಾಕ್ಟ್ರು ಬೇಕಾಯ್ತಾ ಭಾವ?" ಎಂದಳು ಮಂಗಳಮ್ಮ.

ಮೇಷ್ಟರು ತಲೆಯೆತ್ತಿ ನೋಡಿದರು.

"ನಂಗೊತ್ತಿತ್ತು. ಅವತ್ತು ಬೆಳಿಗ್ಗೆ ನೀವು ಬಸ್ಸಿಗೋದ್ಮ್ಯಾಲೆ ಅವ್ರು ಟ್ಯಾಂಕು ತಗೀತಾ ಏನಂದ್ರು ಗೊತ್ತಾ? 'ಅಣ್ಣ ಬೈದ್ಬುಟ್ಟು ರಾತ್ರಿಯೆಲ್ಲ ಒದ್ದಾಡವ್ನೆ ಕಣೇ, ಮಗ್ಗುಲು ಬದಲಾಯಿಸೋದು ನಂಗೆ ಕೇಳುಸ್ತಿತ್ತು. ಇವತ್ತು ಸ್ವಾಮಾರ, ಒಪ್ಪತ್ತು ಇರ್ತಾನೆ. ಸಂಜಿಗೆ ಒತ್ತು ಶಾವ್ಗೆ ಮಾಡು. ಕಾಯಾಲು ಗಟ್ಟಿಯಾಗಿರ್ಲಿ. ತಿಂದ್ರೆ ಸರೋಯ್ತಾನೆ' ಅಂದ್ರು. ನಗಾಡ್ಕಂಡು ಅಂದ್ರು." ಅವಳ ದನಿ ಗಟ್ಟಿಯಾಗಿಯೇ ಇತ್ತು. "ಅಕ್ಕಿ ನೆನೆಯಾಕಿದ್ದೆ. ಮೂರ್ ದಿನ ಆದ್ಮ್ಯಾಲೆ ಅದ್ಯಾರೋ ನೋಡ್ಬುಟ್ಟು, ನಾತ ಬತ್ತದೆ ಅಂತ ಚೆಲ್ಲುದ್ರು. ಸಾಯಾಕೋಗೋನು ಶಾವ್ಗೆ ಮಾಡು ಅಂದಾನಾ?"

ಬೀದಿಯಲ್ಲಿ ಒಂದು ಟ್ರ್ಯಾಕ್ಟರು ಹಾದುಹೋಯಿತು.

"ನನಗೆ ಯಾಕೆ ಹೇಳಲಿಲ್ಲ ತಾಯಿ?"

"ನೀವು ಕೇಳಿದ್ರಾ? ಊರೋರು ಸಾವ್ರ ಅನ್ಲಿ, ಅವ್ರ ಬಾಯಿ. ನಿಮ್ ತಮ್ಮ ಅಂತೋನಲ್ಲ ಅಂತ ನೀವೊಬ್ರಾದ್ರೂ ಅಂತೀರ ಅನ್ಕಂಡಿದ್ದೆ. ನೀವೂ ನಂಬ್ಕಂಬುಟ್ರಿ. ಅದ್ಕೇ ನಂಗೆ ಸಿಟ್ಟು ಬಂದಿದ್ದು. ಆ ಮಾತ್ಗಲ್ಲ. ಆ ಮನೇಲಿ ಬೈದಾಡ್ಕಳದು ಒಸ್ದಾ?"

ಮೇಷ್ಟರು ಹೆಗಲ ಮೇಲಿನ ವಸ್ತ್ರದಿಂದ ಮುಖ ಮುಚ್ಚಿಕೊಂಡರು. ಮಂಗಳಮ್ಮ ಅಳುವುದಕ್ಕೆ ಬಿಟ್ಟಳು. ತಾನೂ ಅತ್ತಳು. ಸ್ವಲ್ಪ ಹೊತ್ತಾದ ಮೇಲೆ ಮೊರವನ್ನು ಅವರಿಬ್ಬರ ನಡುವೆ ಎಳೆದು, "ಸುಮ್ಕೆ ಕೂರ್ಬ್ಯಾಡಿ, ಕಾಳು ಹಿದುಕಿ. ಕವನ ಕಾಲೇಜಿಂದ ಬತ್ತಾಳೆ, ಉಂಡ್ಕಂಡೋಗಿ," ಎಂದಳು.

ಕಾಲೇಜಿನಿಂದ ಬಂದ ಕವನ ಬಾಗಿಲಲ್ಲೇ ನಿಂತುಬಿಟ್ಟಳು. ಅವ್ವ ಮತ್ತು ದೊಡ್ಡಪ್ಪ ಎದುರುಬದುರು ಕೂತು ಹಿದುಕಿದ ಅವರೆಯ ಸಿಪ್ಪೆ ರಾಶಿ ಹಾಕಿದ್ದರು. ರಕ್ತ ಪರೀಕ್ಷೆಗೆ ಹೋಗಬೇಕೆಂದು ಕೇಳಿದಾಗ, "ಅವ್ವನ್ನ ಸೂಜಿ ಹತ್ರ ಕರ್ಕೊಂಡೋಗೋದು ನಿಮ್ ಜವಾಬ್ದಾರಿ ದೊಡ್ಡಪ್ಪ, ನನ್ ಕೈಲಾಗಲ್ಲ," ಎಂದಳು.

"ಲೇ, ನಾನೇನು ಎಳೇ ಮಗಾನಾ?" ಎಂದಳು ಮಂಗಳಮ್ಮ. ಆದರೆ ಆಸ್ಪತ್ರೆಯಲ್ಲಿ ಸೂಜಿ ಕಂಡಾಗ ಕಣ್ಣು ಮುಚ್ಚಿಕೊಂಡು ಭಾವನ ಶಲ್ಯದ ತುದಿಯನ್ನು ಹಿಡಿದುಕೊಂಡಳು.

ಶಿವರಾತ್ರಿಗೆ ನಾಲ್ಕು ದಿನ ಇರುವಾಗ ಸುಚೇತಾ ಫೋನು ಮಾಡಿದಳು. ಮೇಷ್ಟರದು, ಮಂಗಳಮ್ಮನದು, ಜೊತೆಗೆ ಕೊಟ್ಟಿದ್ದ ಕವನಳದು, ಮೂವರ ರಕ್ತವೂ ಚೆನ್ನಾಗಿದೆ. ಮಂಗಳಮ್ಮನದರಲ್ಲಿ ಆ ಕಿಣ್ವ ಸ್ವಲ್ಪ ಕಡಮೆಯಿದೆ, ಆದರೆ ಮೂರು ತಿಂಗಳಿಂದ ಔಷಧಿಯ ಬಟ್ಟೆ ಮುಟ್ಟಿಲ್ಲವಾದ್ದರಿಂದ ಏರುತ್ತಿರಬೇಕು, ಭಯವಿಲ್ಲ. ಬಟ್ಟೆಯ ಒಂದು ಎಳೆಯನ್ನು ಪರೀಕ್ಷೆಗೆ ಕಳಿಸಿದ್ದು ಬಂದಿದೆ. ಅದರಲ್ಲಿ ಅದೇ ಔಷಧಿ. "ಆ ಬಟ್ಟೆ ಒಗೆದು ಇಟ್ಕೊಳ್ಳೋಕೆ ಆಗಲ್ಲ ಮೇಷ್ಟ್ರೇ. ಸುಡಲೂಬೇಡಿ, ಹೊಗೆ ಒಳ್ಳೇದಲ್ಲ. ನೀರಿನಿಂದ ದೂರ, ಆಳವಾಗಿ ಹೂತುಬಿಡಿ. ನಿಮಗೆ ಬೇಜಾರಾಗತ್ತೆ ಅಂತ ಗೊತ್ತು."

"ಬೇಜಾರಿಲ್ಲಮ್ಮ," ಎಂದರು ಮೇಷ್ಟರು. "ಅದು ಯಾರದೋ ಅವರ ಹತ್ತಿರ ಹೋಗತ್ತೆ."

ಶಿವರಾತ್ರಿಯ ಬೆಳಿಗ್ಗೆ ಹೊಲದ ಮೂಲೆಯಲ್ಲಿ ಗುಂಡಿ ತೋಡಿದವನು ರುದ್ರೇಶ್. ಕೈಗೆ ಹೊಸ ರಬ್ಬರ್ ಗವಸು ಹಾಕಿಕೊಂಡಿದ್ದ. ಆ ವಾರ ಅವನೂ ಆಸ್ಪತ್ರೆಗೆ ಹೋಗಿ ರಕ್ತ ಕೊಟ್ಟು ಬಂದಿದ್ದ. ಎದೆಯುದ್ದ ತೋಡಿ ಮೇಲೆ ಬಂದು, ಗುದ್ದಲಿಗೆ ಒರಗಿ ನಿಂತ.

"ನಾನು ಬಾಯ್ಗೆ ಬಂದಂಗೆ ಆಡ್ಬುಟ್ಟೆ ಮೇಷ್ಟ್ರೇ. ಬೆಂಚಿನ ಮ್ಯಾಲೆ ಕೂತ್ಕಂಡು."

"ಮೊದಲು ಆಡಿದ್ದು ನಾನು ಕಣಪ್ಪ. ನೀನು ಕೇಳಿದ್ದನ್ನ ಹೇಳಿದೆ."

"ಅಂಗಂದ್ರೂ ತೆಪ್ಪೇಯ," ಎಂದು ಅವನು ಗವಸಿನ ಕೈಯಲ್ಲಿ, ಆಸ್ಪತ್ರೆಯಿಂದ ವಾಪಸು ತಂದಿದ್ದ ಕವರು ಬಿಚ್ಚಿ ಬಟ್ಟೆಯನ್ನು ಗುಂಡಿಗೆ ಇಳಿಸಿದ. ಒಂದು ಪಕ್ಕದಲ್ಲಿ ಅಪ್ಪನ ಸಮಾಧಿ, ಇನ್ನೊಂದು ಪಕ್ಕದಲ್ಲಿ ಮಗನದು, ನಡುವೆ ಆ ಅಂಚಿನ ತುಂಡು. ಹಬ್ಬಕ್ಕೆ ಮಗಳೊಡನೆ ಬಂದಿದ್ದ ಮಂಗಳಮ್ಮ ಹಿಡಿ ಉಪ್ಪು ಹಾಕಿದಳು, ಮೇಷ್ಟರು ವಿಭೂತಿ ಹಾಕಿದರು. ಮಣ್ಣು ಮುಚ್ಚಿ ತುಳಿದು ಗಟ್ಟಿ ಮಾಡಿದರು. ಆ ಹೊಲದಲ್ಲಿ ಈಗ ಬದನೆ ಇರಲಿಲ್ಲ. ತವರಿಗೆ ಹೊರಡುವ ಮೊದಲು ಮಂಗಳಮ್ಮ ಬದನೆ ಕೀಳಿಸಿ ಹಾಕಿಸಿದ ಹುರುಳಿಯನ್ನೂ ಕಿತ್ತಾಗಿತ್ತು, ನೆಲ ಬರಿದಾಗಿತ್ತು.

ಮೇಷ್ಟರು ತಮ್ಮನ ಸಮಾಧಿಯ ಮುಂದೆ ಚಾಪೆ ಹಾಕಿ ಕೂತರು. ಕರಡಿಗೆ ತೆಗೆದು ಲಿಂಗವನ್ನು ಎಡಗೈಯ ಅಂಗೈಯಲ್ಲಿಟ್ಟರು. ವಿಭೂತಿ ಧರಿಸಿ, ಬಿಲ್ವ ಏರಿಸಿದರು. ಕವನ ಚೆಂಬಿನಿಂದ ನೀರು ಬಿಟ್ಟಳು. ಅಂಗೈಯ ಗುಣಿಯಲ್ಲಿ ನೀರು ನಿಂತಿತು. ಬೆಳಗಿನ ಬಿಸಿಲು ಅದರಲ್ಲಿ ಅಲುಗಾಡಿತು. ಅವರು ಕೈಯನ್ನು ಬಾಯಿಗೆ ತಂದು ತೀರ್ಥ ಕುಡಿದರು. ನೀರು ತಣ್ಣಗೆ, ಬರೀ ನೀರಾಗಿಯೇ ಗಂಟಲಿಗೆ ಇಳಿಯಿತು.

ಅವರು ಕಣ್ಣು ಮುಚ್ಚಿ ತುಟಿ ಅಲುಗಿಸದೆ ಕೇಳಿಕೊಂಡರು: "ನಂಜುಂಡೇಶ್ವರಾ, ನಂಜನ್ನು ಕೊರಳಲ್ಲೇ ನಿಲ್ಲಿಸಿಕೊಂಡವನು ನೀನು, ಅದರ ಕಹಿ ನಿನಗೆ ಗೊತ್ತು. ನನ್ನ ತಮ್ಮ ಸುಳ್ಳು ಹೇಳಿರಲಿಲ್ಲ. ಅವನ ನಾಲಿಗೆಯ ಮೇಲಿನ ಕಹಿಯನ್ನು ತೆಗೆದುಬಿಡು ತಂದೆ. ಅವನನ್ನು ತಣ್ಣಗೆ ಇಡು."